ಗುರುಬಾಯಿಯ ಹತ್ತು ಬೆರಳು

"ಏನ್ರೀ, ಗಡಿಯಾರ ನೋಡಾಕ ನನ್ನ ಬೆನ್ನ ಹಿಂದನ ನಿಂದ್ರಬೇಕೇನು? ಸ್ಟೇಷನ್ದಾಗ ದೊಡ್ಡ ಗಡಿಯಾರ ಐತಿ, ಅಲ್ಲಿಗೆ ಹೋಗ್ರಿ."

ಅಮೋಘಿ ಬೆಚ್ಚಿದ. ಕೈಯಲ್ಲಿದ್ದ ಸ್ಟಾಪ್‌ವಾಚಿನ ಮುಳ್ಳು ತನ್ನ ಪಾಡಿಗೆ ಓಡುತ್ತಲೇ ಇತ್ತು. ತಗಡು ಕತ್ತರಿಸುವ ಮಷೀನಿನ ಮುಂದೆ ನಿಂತಿದ್ದ ಹೆಣ್ಣುಮಗಳು ಪೂರ್ತಿ ತಿರುಗಿರಲಿಲ್ಲ. ಹೆಗಲ ಮೇಲಿಂದ ಅರ್ಧ ಮುಖ, ಒಂದು ಕಣ್ಣು. ಆ ಒಂದು ಕಣ್ಣಿನ ಕೆಂಡವೇ ಸಾಕಾಗಿತ್ತು.

ತಪ್ಪು ಅವಳದಲ್ಲ. ವಿಜಾಪುರದ ಆ ಡಬ್ಬಿ ಕಾರ್ಖಾನೆಯಲ್ಲಿ, ಕುಸುಬಿ ಎಣ್ಣೆಗೆ ಡಬ್ಬಿ ಮಾಡುವ ಹೆಂಗಸರ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತವರೆಲ್ಲ ಸಾವಕಾರನ ಕಡೆಯವರೇ. ಹೋದ ಸಲ ಒಬ್ಬ ಹಾಗೆ ನಿಂತು ಹೋದ ಮೇಲೆ ನೀರು ಕುಡಿಯುವ ಬಿಡುವು ಹೋಯಿತು. ಎಮರ್ಜೆನ್ಸಿ ಮುಗಿದು ವರ್ಷವಾಗಿತ್ತು. ಆ ಸುದ್ದಿಯನ್ನು ಈ ಶೆಡ್ಡಿಗೆ ಯಾರೂ ತಂದಿರಲಿಲ್ಲ.

"ನಿಮ್ಮನ್ನ ಅಳೆಯಾಕತ್ತಿಲ್ರಿ ಬಾಯಾರ," ಅಂದ. "ತಗಡು ಬ್ಲೇಡಿಗೆ ನೂಕೂ ರೋಲರ್ ಅಳೆಯಾಕತ್ತೇನಿ. ನಿಂತದ್ದು ಏಳಾಕ ಎಷ್ಟು ಹೊತ್ತು, ಓಡೂದು ನಿಂದ್ರಾಕ ಎಷ್ಟು ಹೊತ್ತು. ಇದಕ್ಕ ಸರ್ವೋ ಮೋಟಾರು ಬರತೈತಿ, ಹೇಳಿದಷ್ಟ ಓಡಿ ಹೇಳಿದಲ್ಲೇ ನಿಲ್ಲೂದು. ಅದಕ್ಕ ಅಳತಿ ಪ್ರಕಾರ ಕರೆಂಟು ಕೊಡೂ ಪೆಟ್ಟಿಗಿ, ಆಂಪ್ಲಿಫಾಯರ್, ಯಾವುದು ತರಬೇಕಂತ ನಾ ಹೇಳಬೇಕು."

"ಸಾವಕಾರ್ರು ಏನಂತಾರ?"

"ನಿಮಿಷಕ್ಕ ಅರವತ್ತು ತಗಡು ಅಂತಾರ."

ಅವಳು ನಕ್ಕಳು. ಎಂಟು ತಾಸು ನಿಂತ ಕಾಲಿನವರು ನಗುವ ನಗು. "ನಲವತ್ತು ದಾಟಿದ್ರ ತಗಡು ಸೊಟ್ಟ ಹೋಗತೈತಿ. ನೆಟ್ಟಗ ಮಾಡಾಕ ಕೈ ಹಾಕಬೇಕು. ಕೈ ಹಾಕಿದ್ರ..." ಕಣ್ಣಿನಿಂದಲೇ ಪಕ್ಕದ ಬೆಂಚು ತೋರಿಸಿದಳು. ಅಲ್ಲಿ ಬಾನುಬಿ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. ಬಲಗೈಯಲ್ಲಿ ಮೂರೇ ಬೆರಳು.

ಅಮೋಘಿ ತನ್ನ ಚೀಟಿಯಲ್ಲಿ ಅರವತ್ತನ್ನು ಹೊಡೆದು ಹಾಕಿ ನಲವತ್ತು ಬರೆದ. ಅವಳು ಅದನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು, ಈ ಸಲ ಎರಡೂ ಕಣ್ಣಿನಿಂದ.

ಹೆಸರು ಗುರುಬಾಯಿ. ಊರು ಬಬಲೇಶ್ವರ. ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ಅವನು ಹೊನವಾಡದವನು, ಐಟಿಐ ಕಲಿತ ವೈರ್‌ಮನ್, ಎರಡು ವರ್ಷದಿಂದ ಸಾವಕಾರನ ಎಣ್ಣೆ ಮಿಲ್ಲಿನಲ್ಲಿ ಹಂಗಾಮಿ, ಈ ಶೆಡ್ಡಿಗೆ ಹೊಸಬ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅವಳು ರೊಟ್ಟಿ ಬಿಚ್ಚಿದಾಗ, ಅವನು ಪುಣೆಯಿಂದ ಬಂದ, ಎರಡು ಆಂಪ್ಲಿಫಾಯರುಗಳ ಕರಪತ್ರ ಹರಡುತ್ತಿದ್ದ.

"ಇದು ಸೋವಿ, ರೊಕ್ಕ ಕಡಿಮಿ," ಅಂದ. "ಮೋಟಾರು ಓಡುವಾಗ ಎಂಟು ಆಂಪಿಯರ್ ತಿಂತೈತಿ, ನಿಂತದ್ದು ಏಳುವಾಗ ಇಪ್ಪತ್ತು. ಈ ಸೋವೀದು ಇಪ್ಪತ್ತು ಕೊಡೂದಿಲ್ಲ. ನಮ್ಮ ಬ್ಯಾಸಗ್ಯಾಗ ಪೆಟ್ಟಿಗ್ಯಾಗ ಕುಂತು ಬೆಂದು ಹೋಗತೈತಿ."

"ಮತ್ತ ಇದು?"

"ಇದರಾಗ ತಂತಿ ಬಿಗಿಯೂ ಏಳನೇ ಟರ್ಮಿನಲ್ ಒಂದೈತಿ. ಅದಕ್ಕ ಕರೆಂಟು ಮುಟ್ಟಿದ್ರಷ್ಟ ಮೋಟಾರಿಗೆ ಓಡಾಕ ಅಪ್ಪಣಿ. ಬ್ಲೇಡಿನ ಮುಂದ ಜಾಳಗಿ ಬಾಗಲಾ ಕೂಡಸಿ, ಬಾಗಲಕ್ಕ ಸ್ವಿಚ್ ಹಾಕಿ, ಆ ತಂತಿ ಏಳಕ್ಕ ಕೊಡತೇನಿ. ನೀವು ಬಾಗಲಾ ತೆಗೆದ್ರ ಮೋಟಾರು ಸತ್ತಂಗ. ರೋಲರ್ ತಿರುಗಲಿಲ್ಲಂದ್ರ ಬ್ಲೇಡೂ ಇಳಿಯಂಗಿಲ್ಲ."

ಗುರುಬಾಯಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವನ ಮುಂದೆ ಸರಿಸಿದಳು. "ಏಳನೇದು ಇದ್ದದ್ದನ್ನ ತರ್ರಿ," ಅಂದಳು.

ಅದೇ ಬಂತು. ಸಾವಕಾರನಿಗೆ ಇಪ್ಪತ್ತು ಆಂಪಿಯರಿನ ಮಾತಷ್ಟೇ ಹೇಳಿ ಒಪ್ಪಿಸಿದ್ದ. ಎರಡು ವಾರ ಗೋಡೆಗೆ ಪೆಟ್ಟಿಗೆ ಕೂಡಿಸುವುದು, ಫ್ಯಾನ್ ಬಿಗಿಯುವುದು, ತಂತಿ ಎಳೆಯುವುದು. ಬೆನ್ನು ಮುರಿದು ಬರುತ್ತಿತ್ತು. ಆದರೂ ಗುರುಬಾಯಿ ಟಾರ್ಚ್ ಹಿಡಿದು ನಿಂತರೆ, ಅವಳ ಹಸಿರು ಬಳೆಗಳ ನೆರಳು ಟರ್ಮಿನಲ್ಲುಗಳ ಮೇಲೆ ಬಿದ್ದು ನಂಬರು ಕಾಣದಂತಾಗುತ್ತಿತ್ತು. ಕೈ ಸರಿಸಿ ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

"ಈ ಸಣ್ಣ ತಂತಿ ಎರಡು ಯಾಕ ಬ್ಯಾರೆ ಹಾದ್ಯಾಗ ಒಯ್ಯಾಕತ್ತೀರಿ?"

"ಮೋಟಾರು ಎಷ್ಟು ಓಡಾಕತ್ತೈತಂತ ಪೆಟ್ಟಿಗಿಗೆ ಹೇಳೂ ತಂತಿ. ದೊಡ್ಡ ತಂತಿ ಮಗ್ಗಲ ಹೋದ್ರ ಆ ಸುದ್ದಿ ಕೆಡತೈತಿ. ಇವು ಅದಲಿ ಬದಲಿ ಆದ್ರ, ನಿಲ್ಲು ಅಂದಷ್ಟೂ ಜೋರ ಓಡತೈತಿ."

"ನಮ್ಮ ಸಾವಕಾರ್ರಂಗ!"

ಬಾನುಬಿ ಬೆಂಚಿನಿಂದಲೇ ಕೂಗಿದಳು: "ಲೇ ಗುರುಬಾಯಿ, ಟಾರ್ಚ್ ತಂತಿ ಮ್ಯಾಲ ಹಿಡಿ! ಅಂವನ ಮಾರಿ ಮ್ಯಾಲ ಬೆಳಕು ಬಿಟ್ಟು ಏನ ಹುಡುಕತಿ?"

ಗುರುಬಾಯಿಯ ಕಿವಿ ಕೆಂಪಾಯಿತು. ಅಮೋಘಿ ತಪ್ಪು ಸ್ಕ್ರೂ ಬಿಚ್ಚಿದ. ಅಂದೇ ಸಂಜೆ ಹೇಳಿದ: "ನಾ ಖಾಯಂ ಆದ ದಿನ ನಿಮ್ಮನಿಗೆ ಬಂದು ಮಾತಾಡತೇನಿ." ಅವಳ ಅಣ್ಣ ತುಕಾರಾಮ ಹಂಗಾಮಿ ಆಳಿಗೆ ತಂಗಿಯನ್ನು ಕೊಡುವವನಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಮಷೀನು ಓಡಿತು. ಒಂದು ವಾರಕ್ಕೆ ಸಾವಕಾರ ಅವನನ್ನು ಕರೆದ. "ಬಾಗಲಾ ತೆಗೆದಾಗೊಮ್ಮೆ ಮಷೀನು ನಿಂತ್ರ ಮಾಲು ಹ್ಯಾಂಗ ಹೊರಡಬೇಕೋ? ಬಾಗಲಾ ತೆಗೆದ್ರೂ ಓಡೂಹಂಗ ಆ ಸ್ವಿಚ್ಚಿಗೆ ಜಂಪರ್ ಹಾಕು. ಸೋಮವಾರ ನಿನ್ನ ಖಾಯಂ ಚೀಟಿಗೆ ಸಹಿ ಮಾಡತೇನಿ."

ಅಮೋಘಿ ಬೇಡ ಅನ್ನಬಹುದಿತ್ತು. ದಣಿದಿದ್ದ. ಎರಡು ವರ್ಷ ಬೇಡ ಅನ್ನಿಸಿಕೊಂಡವನಿಗೆ ಬೇಡ ಅನ್ನುವ ಬಲ ಎಲ್ಲಿಂದ ಬರಬೇಕು? ನಾಲ್ಕು ಬೆರಳುದ್ದದ ಕೆಂಪು ತಂತಿಯಿಂದ ಏಳನೆಯ ಟರ್ಮಿನಲ್ಲಿಗೆ ಸದಾಕಾಲದ ಅಪ್ಪಣೆ ಕೊಟ್ಟ. ಸೋಮವಾರ ಅವಳಿಗೆ ಹೇಳಿದರಾಯಿತು, ಅಂದುಕೊಂಡ.

ಸೋಮವಾರ ಅವನು ಬಾಯಿ ತೆರೆಯುವ ಮೊದಲೇ ತಗಡು ಸಿಕ್ಕಿಬಿತ್ತು. ಗುರುಬಾಯಿ ಬಾಗಿಲು ಎತ್ತಿದಳು. ಅವನ ಮಾತು ನಂಬಿ, ರೋಲರಿನ ಕಡೆ ನೋಡದೆ ಕೈ ಒಳಗೆ ಹಾಕಿದಳು.

ರೋಲರ್ ನಿಂತಿರಲಿಲ್ಲ.

ಅಮೋಘಿ ಕೂಗಲಿಲ್ಲ, ಕೂಗಲು ಹೊತ್ತಿರಲಿಲ್ಲ. ಮೈಯೆಲ್ಲ ಹಾಕಿ ಮೇನ್ ಸ್ವಿಚ್ ಎಳೆದ. ಬಳೆ ಒಡೆದ ಸದ್ದು ಕೇಳಿತು. ಅವನು ಕಣ್ಣು ಮುಚ್ಚಿದ. ತೆರೆದಾಗ ಗುರುಬಾಯಿ ಕೈಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕಿರುಬೆರಳಿನ ಮೇಲೆ ರಕ್ತದ ಒಂದು ಗೆರೆ. ಅಷ್ಟೇ.

ಫೋರ್‌ಮನ್ ರಸೂಲಸಾಬ ಓಡಿ ಬಂದ. "ಸ್ವಿಚ್ ಕೆಟ್ಟಿರಬೇಕ್ರಿ, ಹೊಸಾ ಮಾಲು..."

ಆ ಸುಳ್ಳಿನ ನೆರಳಲ್ಲಿ ಅಮೋಘಿ ತಣ್ಣಗೆ ಕೂರಬಹುದಿತ್ತು. "ಸ್ವಿಚ್ ಕೆಟ್ಟಿಲ್ರಿ," ಅಂದ. "ನಾ ಕೆಟ್ಟೇನಿ." ಪೆಟ್ಟಿಗೆ ತೆರೆದು ಕೆಂಪು ತಂತಿ ಕಿತ್ತು ಎಲ್ಲರಿಗೂ ಕಾಣುವಂತೆ ಹಿಡಿದ.

"ಯಾಕ?" ಅಂದಳು ಗುರುಬಾಯಿ.

"ಖಾಯಂ ಚೀಟಿ ಕೊಡತೇನಿ ಅಂದ್ರು. ಅದನ್ನ ಹಿಡಕೊಂಡು ನಿಮ್ಮನಿಗೆ..."

"ನನ್ನ ಬೆರಳ ಕೊಟ್ಟು ನನ್ನ ಕೇಳಾಕ ಬರಾವ್ರು ಇದ್ರಿ."

ಅವನು ಕೆಂಪು ತಂತಿಯನ್ನು ಅವಳ ಮುಂದಿನ ಬೆಂಚಿನ ಮೇಲೆ ಇಟ್ಟ.

ಮೊದಲು ಎದ್ದವಳು ಬಾನುಬಿ. ಶೆಡ್ಡಿನ ಬಾಗಿಲಲ್ಲಿ ಹೋಗಿ ಕೂತು, ಮೂರು ಬೆರಳಿನ ಕೈಯನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಪಕ್ಕ ಗುರುಬಾಯಿ. ಆಮೇಲೆ ಉಳಿದ ಒಂಬತ್ತು ಮಂದಿ. ಸಾವಕಾರ ಬೈದ, ಪೊಲೀಸರ ಹೆಸರು ಹೇಳಿದ, ಕೊನೆಗೆ ಹೊಸಬರನ್ನು ತರುತ್ತೇನೆ ಅಂದ. ಕೆಂಪು ತಂತಿಯ ಕಥೆ ಕೇಳಿದ ಯಾರೂ ಆ ಮಷೀನಿನ ಮುಂದೆ ನಿಲ್ಲಲು ಬರಲಿಲ್ಲ. ಮೂರನೆಯ ದಿನ ಅವನು ಸೋತ. ಅಮೋಘಿ ಬಾಗಿಲಿನ ತಂತಿಯನ್ನು ಏಳಕ್ಕೆ ಮರಳಿ ಬಿಗಿದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಬಾನುಬಿಯ ಕೈಗೆ ಕೊಟ್ಟ. ಅದೇ ಅವನ ಕೊನೆಯ ಕೆಲಸ. ನಾಳೆಯಿಂದ ಬರಬೇಡ ಅಂದರು.

ಸಂಜೆ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತನ್ನೂರ ಕಡೆಯ ಟಿಕೋಟಾ ಬಸ್ಸಿಗೆ ಅಮೋಘಿ ಕಾಯುತ್ತಿದ್ದಾಗ ಗುರುಬಾಯಿ ಬಂದಳು. ನಡುವೆ ತನ್ನ ಬುತ್ತಿ ಚೀಲ ಇಟ್ಟು ಕೂತಳು. ಮೂರು ದಿನದ ಮೇಲೆ ಮೊದಲ ಮಾತು.

"ಈಗ ಏನ ಹಿಡಕೊಂಡು ಬರತೀರಿ ನಮ್ಮನಿಗೆ?"

"ಏನೂ ಇಲ್ಲ. ಇಚಲಕರಂಜಿಗೆ ಹೊಂಟೇನಿ. ಮಗ್ಗದ ಮೋಟಾರಿನ ಕೆಲಸ ಐತಂತ." ಬುತ್ತಿ ಚೀಲದ ಕಡೆ ನೋಡುತ್ತ ಅಂದ: "ಮಾಫಿ ಕೇಳೂ ಮಾರಿನೂ ಇಲ್ಲ."

ಅವಳು ಎರಡೂ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟಳು. ಎಡಗೈ ತುಂಬ ಬಳೆ, ಬಲಗೈಯಲ್ಲಿ ಒಂದು ಕಡಿಮೆ.

"ಎಣಸ್ರಿ."

ಅವನು ಸುತ್ತ ನೋಡಿದ. ಕಡಲೆ ಮಾರುವವನು, ಕಂಡಕ್ಟರ್, ಯಾರದೋ ಆಡು. ಒಂದು, ಎರಡು... ಮುಟ್ಟದೆ ಎಣಿಸಿದ. ಗೆರೆ ಮಾಯುತ್ತಿದ್ದ ಕಿರುಬೆರಳಿಗೆ ಬಂದಾಗ ಅವನ ಬೆರಳು ತಾನಾಗಿ ತಾಗಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಹತ್ತು."

"ತಿಂಗಳಿಗೊಮ್ಮೆ ಬಂದು ಎಣಸಿ ಹೋಗ್ರಿ," ಅಂದಳು. "ನನಗ ನಿಮ್ಮ ಮ್ಯಾಲ ನಂಬಿಗಿ ಮತ್ತ ಬರಾಕ ಟೈಮ್ ಹಿಡಿತೈತಿ. ನಂಬಿಗಿ ಬಂದ ದಿನ ನಮ್ಮಣ್ಣಗ ನಾನ ಹೇಳತೇನಿ. ಖಾಯಂ ಇರ್ಲಿ, ಬಿಡ್ಲಿ."

"ಎಷ್ಟು ಟೈಮ್?"

"ಗಡಿಯಾರ ತಗೀಬ್ಯಾಡ್ರಿ ಮತ್ತ!"

ಮೊದಲು ಬಬಲೇಶ್ವರದ ಬಸ್ಸು ಹೊರಟಿತು. ಕಿಟಕಿಯ ಸರಳುಗಳ ನಡುವಿನಿಂದ ಅವಳು ಎರಡೂ ಕೈ ಹೊರಗೆ ಚಾಚಿ ಬೆರಳು ಅಗಲಿಸಿದಳು. ಧೂಳಿನಲ್ಲಿ ಮರೆಯಾಗುವವರೆಗೆ ಅವನು ಮತ್ತೊಮ್ಮೆ ಎಣಿಸುತ್ತ ನಿಂತ.