ಹಳೆಯದನ್ನು ಅಳಿಸಬೇಕೇ?

"ನಿಮ್ಮ ಸಾಫ್ಟ್‌ವೇರ್‌ಗೆ ಇಷ್ಟೊಂದು ಹಟ ಯಾಕ್ರೀ?"

ಇಂದಿರಾನಗರದ ಆಫೀಸಿನ ಬಾಗಿಲಲ್ಲಿ ಹೆಲ್ಮೆಟ್ಟನ್ನೂ ತೆಗೆಯದೆ ನಿಂತಿದ್ದವನನ್ನು ಇಂಚರಾ ತಲೆಯೆತ್ತಿ ನೋಡಿದಳು. ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕಿಗೆಂದು ಅವಳ ಕಂಪನಿ ಮಾಡುವ ಸಾಫ್ಟ್‌ವೇರನ್ನು ಊರೆಲ್ಲ ಸುತ್ತಿ ಹಾಕಿಕೊಟ್ಟು ಬರುವ ಸುಗತ ಇವನೇ ಇರಬೇಕು. ಫೋನಿನಲ್ಲಿ ದನಿ ಕೇಳಿದ್ದಳು, ಮುಖ ನೋಡಿದ್ದು ಇದೇ ಮೊದಲು.

"ಹಟ ಸಾಫ್ಟ್‌ವೇರ್‌ದಲ್ಲ, ಅದನ್ನ ಬರೆದ ನಂದು," ಎಂದಳು. "ಏನಾಯ್ತು?"

"ಇನ್‌ಸ್ಟಾಲ್ ಮಾಡಿದ್ರೆ ರೋಗಿಗಳ ವಿವರ ಇಡೋ ಡೇಟಾಬೇಸನ್ನ ತಾನೇ ಮಾಡ್ಕೊಳ್ಳುತ್ತೆ, ಪಾಸ್‌ವರ್ಡೂ ತಾನೇ ಇಟ್ಕೊಳ್ಳುತ್ತೆ, ಯಾರನ್ನೂ ಏನೂ ಕೇಳಲ್ಲ. ಸರಿ. ಆದ್ರೆ ಹಳೇ ಡೇಟಾಬೇಸ್ ಕಣ್ಣಿಗೆ ಬಿದ್ರೆ ಸಾಕು, ಅಳಿಸಬೇಕೇ ಉಳಿಸಬೇಕೇ ಅಂತ ನಿಂತ್ಬಿಡುತ್ತೆ. ಕಮ್ಮನಹಳ್ಳಿ ಕ್ಲಿನಿಕ್ಕಲ್ಲಿ ಅರ್ಧ ದಿನ ಹೋಯ್ತು. ಅದನ್ನ ಅಳಿಸಿ ಹೊಸದು ಮಾಡ್ಕೊಂಡ್ರೆ ಏನು ಕಷ್ಟ?"

"ಅದ್ರಲ್ಲಿ ಜನ ಇದಾರೆ ರೀ. ಯಾರ ಹಲ್ಲಿಗೆ ಏನಾಗಿತ್ತು, ಯಾರಿಗೆ ಯಾವ ಮಾತ್ರೆ ಆಗಲ್ಲ, ಎಲ್ಲ. ಡಾಕ್ಟರನ್ನ ಕೇಳಿದ್ರಾ?"

ಸುಗತ ಕೇಳಿರಲಿಲ್ಲ.

ಮರುದಿನ ಖಾರಾ ಬನ್ನಿನ ಪೊಟ್ಟಣ ಹಿಡಿದು ಬಂದ. "ಉಳಿಸಿ ಅಂದ್ರು ಡಾಕ್ಟ್ರು," ಎಂದು ಸೋತ ಮುಖ ಮಾಡಿದ. ಇಂಚರಾ ನಕ್ಕುಬಿಟ್ಟಳು. ಹಾಗೆ ನಗದೆ ಬಹಳ ಕಾಲವಾಗಿತ್ತೆಂಬುದು ಅವಳಿಗೆ ಆಮೇಲೆ ಹೊಳೆಯಿತು.

ಅವಳ ಗಂಡ ಭಾರ್ಗವ್ ತೀರಿಕೊಂಡು ಮೂರು ವರ್ಷ. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಈಗ ಅವಳು, ಅತ್ತೆ ಕೋಕಿಲಮ್ಮ ಇಬ್ಬರೇ. ಒಬ್ಬರ ಕಣ್ಣೀರಿಗೆ ಇನ್ನೊಬ್ಬರು ಹೆದರಿ, ಆ ಮನೆಯಲ್ಲಿ ಭಾರ್ಗವನ ಹೆಸರೆತ್ತುವುದನ್ನೇ ಬಿಟ್ಟಿದ್ದರು.

ಬನ್ನಿನ ಜೊತೆ ಚಹಾ ಸೇರಿತು. ಆಮೇಲೆ ಹಲಸೂರು ಕೆರೆಯ ದಂಡೆಯ ಸಂಜೆಗಳೂ ಸೇರಿದವು. ಭಾರ್ಗವ್ ತೀರಿಕೊಂಡಿದ್ದನ್ನು ಅಲ್ಲೇ ಒಂದು ಸಂಜೆ ಅವನಿಗೆ ಹೇಳಿದಳು. ಇವನು ಇಷ್ಟವಾಗಿಬಿಟ್ಟಿದ್ದಾನೆ ಎಂದು ಒಪ್ಪಿಕೊಳ್ಳಲು ಇಂಚರಾ ತಿಂಗಳುಗಟ್ಟಲೆ ಸತಾಯಿಸಿದಳು. ಸತಾಯಿಸಿದ್ದು ತನ್ನನ್ನೇ, ಪಾಪ.

ಕಡೆಗೊಂದು ಸಂಜೆ ಸುಗತನೇ ಬಾಯಿಬಿಟ್ಟ. "ನನಗೆ ನೀವು ಬೇಕು ಇಂಚರಾ. ಮದುವೆ ಆಗೋಣ. ಹಳೇದೆಲ್ಲ ಮರೆತ್ಬಿಡಿ, ಹೊಸದಾಗಿ ಶುರು ಮಾಡೋಣ."

ಮೊದಲ ಮಾತಿಗೆ ಅರಳಿದ ಮನಸ್ಸು ಕೊನೆಯ ಮಾತಿಗೆ ಮುದುಡಿತು. ಮರೆಯುವುದೇ? ಭಾರ್ಗವನನ್ನು? ಅವನ ಅಮ್ಮನನ್ನೂ? ಇವನನ್ನು ಪಡೆಯಲು ಅವರನ್ನು ಕಳೆದುಕೊಳ್ಳಬೇಕೇ... ಒಂದು ಮಾತೂ ಆಡದೆ ಎದ್ದು ಹೋಗಿ ಆಟೋ ಹತ್ತಿದಳು.

ಬೇಡವೆಂದೇ ಎದ್ದು ಹೋದಳೆಂದು ಸುಗತ ತಿಳಿದ. ಆಫೀಸಿನ ಕಡೆ ಸುಳಿಯಲಿಲ್ಲ. ಇಂಚರಾ ದಿನವೂ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಳು. ಏನೆಂದು ಹೇಳುವುದು? ನೀವು ಬೇಕು, ಆದರೆ ಅವನನ್ನೂ ಬಿಡಲಾರೆ ಎಂದರೆ ಯಾವ ಗಂಡಸು ಒಪ್ಪಿಯಾನು?

ವಾರಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕೆ.ಆರ್. ಪುರಂನ ಕ್ಲಿನಿಕ್ಕಿನಿಂದ ಸುಗತನ ಫೋನ್ ಬಂತು. ಕೆಲಸದ ಫೋನು.

"ಇಲ್ಲೂ ಹಳೇ ಡೇಟಾಬೇಸ್ ಸಿಕ್ಕಿದೆ. ಡಾಕ್ಟ್ರು ಉಳಿಸಿ ಅಂತಾರೆ. ಹೊಸದಕ್ಕೆ ತೊಂದ್ರೆ ಆಗಲ್ವಾ?"

"ಆಗಲ್ಲ. ಹಳೇದು ಹಾಗೇ ಇರುತ್ತೆ, ಹೊಸದು ಅದ್ರ ಜೊತೆ ಸೇರ್ಕೊಳ್ಳುತ್ತೆ."

"ಎರಡಕ್ಕೂ ಜಾಗ ಇರುತ್ತಾ?"

"ಇರುತ್ತೆ," ಎನ್ನುವಾಗ ಅವಳ ದನಿ ನಡುಗಿತು.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು; ಸುಗತ ಕ್ಲಿನಿಕ್ಕಿನ ಹೊರಗೆ ಬಂದಿದ್ದ.

"ಇಂಚರಾ... ಅವತ್ತು ನೀವು ಎದ್ದು ಹೋಗಿದ್ದು ನಾನು ಬೇಡ ಅಂತಲ್ಲ, ಅಲ್ವಾ? ಮರೆತ್ಬಿಡಿ ಅಂದ್ನಲ್ಲ, ಅದಕ್ಕೆ."

"ಹೂಂ." ಕಣ್ಣೊರೆಸಿಕೊಂಡು ಧೈರ್ಯ ಮಾಡಿದಳು. "ಭಾನುವಾರ ಮನೆಗೆ ಬನ್ನಿ. ಅತ್ತೆ ಇರ್ತಾರೆ."

ಭಾನುವಾರ ಸುಗತ ಬಂದ. ಕೋಕಿಲಮ್ಮ ಕಾಫಿ ಕೊಟ್ಟು ಎದುರಿಗೆ ಕುಳಿತರು. ಅವನು ಲೋಟ ಹಿಡಿದುಕೊಂಡೇ ಮೆಲ್ಲಗೆ ಕೇಳಿದ.

"ಅಮ್ಮಾ, ಭಾರ್ಗವ್ ಹೇಗಿದ್ರು?"

ಅತ್ತೆ ಈಗ ಅತ್ತುಬಿಡುತ್ತಾರೆ ಎಂದುಕೊಂಡಳು ಇಂಚರಾ.

"ಬಸ್ಸಲ್ಲಿ ಕೂತ್ರೆ ನಿದ್ದೆ ಕಣಪ್ಪಾ ಅವನಿಗೆ," ಎಂದರು ಕೋಕಿಲಮ್ಮ. "ಹಲಸೂರಲ್ಲಿ ಇಳೀಬೇಕಾದೋನು ಶಿವಾಜಿನಗರದಲ್ಲಿ ಏಳ್ತಿದ್ದ."

"ಕಂಡಕ್ಟರೇ ಎಬ್ಬಿಸ್ಬೇಕಿತ್ತು," ಎಂದಳು ಇಂಚರಾ.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಗುತ್ತ ನಗುತ್ತ ಇಬ್ಬರ ಕಣ್ಣೂ ತುಂಬಿದವು. "ಇರಪ್ಪಾ, ಹೇಳೋಕೆ ಇನ್ನೂ ತುಂಬಾ ಇದೆ. ಉಪ್ಪಿಟ್ಟು ಮಾಡ್ಕೊಂಡು ಬರ್ತೀನಿ," ಎಂದು ಕೋಕಿಲಮ್ಮ ಒಳಗೆ ಹೋದರು.

ಇಂಚರಾ ಸುಗತನನ್ನು ನೇರವಾಗಿ ನೋಡಿದಳು.

"ನನಗೂ ನೀವು ಬೇಕು ಸುಗತ. ಆದ್ರೆ ನಾನೊಬ್ಳೇ ಬರಲ್ಲ. ಅತ್ತೆ ಬರ್ತಾರೆ. ಭಾರ್ಗವೂ ಬರ್ತಾರೆ."

"ಎಲ್ರೂ ಬನ್ನಿ," ಎಂದ ಅವನು. "ನಮ್ಮನೆ ಚಿಕ್ಕದು. ಅಡ್ಜಸ್ಟ್ ಮಾಡ್ಕೊಂಡು ಇರೋಣ."