ಏರಿಯ ಮೇಲೆ ನಡೆದು ಬಂದವನು

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಭರಮಸಾಗರ ಠಾಣೆಗೆ ಬಂದ ಏಕಾಂತಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಸಂಜೆ ಹಸುವಿಗೆ ಹುಲ್ಲು ತರಲು ಹೋಗಿದ್ದ ಅವರ ಮಗ ಮುದ್ದಣ್ಣ ಕೆರೆ ಏರಿಯ ಮೇಲೆ ಹೆಣವಾಗಿ ಸಿಕ್ಕಿದ್ದ.

"ಕುಡ್ದು ಕಲ್ಲಿನ ಮ್ಯಾಲೆ ಬಿದ್ದ ಅಂತಾರೆ ಮೇಡಂ ಊರಾಗೆ. ನನ್ ಮಗ ಕುಡಿಯಲ್ಲ. ಅದನ್ನ ಬರ್ಕಳ್ರಿ."

ಇನ್‌ಸ್ಪೆಕ್ಟರ್ ಅನುಪಮಾ ಅದನ್ನೂ ದೂರಿನಲ್ಲಿ ಬರೆಸಿ ಎಫ್‌ಐಆರ್ ದಾಖಲಿಸಿದರು.

ಸ್ಥಳ ಪಂಚನಾಮೆಯಲ್ಲಿ ಟೈರಿನ ಗುರುತು, ಮಣ್ಣಿನಲ್ಲಿ ತ್ರಿಕೋನವಾಗಿ ಮೂರು ಸಣ್ಣ ಕುಳಿ, ಕ್ಯಾಮೆರಾದ ಒಂದು ಮುಚ್ಚಳ ದಾಖಲಾದವು. ಹೆಣದ ತಲೆಯ ಕೆಳಗೆ ಹುಲ್ಲು ಒಟ್ಟಿತ್ತು.

"ಬೀಳೋನು ದಿಂಬು ಇಟ್ಕಂಡು ಬೀಳ್ತಾನಾ ಮೇಡಂ?" ಎಂದ ಕಾನ್‌ಸ್ಟೆಬಲ್ ಕಾಟಯ್ಯ.

ಕುಳಿಗಳು ಕ್ಯಾಮೆರಾ ಸ್ಟ್ಯಾಂಡಿನವು. ಸುತ್ತಲಿನ ಸ್ಟುಡಿಯೊಗಳನ್ನು ಒಂದೊಂದಾಗಿ ವಿಚಾರಿಸುತ್ತ ಹದಿನೈದರಂದು ಹೊಳಲ್ಕೆರೆಗೆ ಹೋದರು. ಮದುವೆ ಕಾಲ. ಸ್ಟುಡಿಯೊ ನಡೆಸುವ ಪ್ರದೀಪ್ ಹಳೆಯ ಲ್ಯಾಪ್‌ಟಾಪಿನಲ್ಲಿ ಆಲ್ಬಂ ಮಾಡುತ್ತ ಕೂತಿದ್ದ. ಪಕ್ಕದ ದೊಡ್ಡ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು.

"ಇದಕ್ಕೇನಾಗೈತೆ?"

"ಕೆಟ್ಟೈತೆ ಮೇಡಂ."

ಕಾಟಯ್ಯ ಬಟನ್ ಒತ್ತಿದ. ಪರದೆ ಬೆಳಗಿತು. "ಇದು ಚೆನ್ನಾಗೈತಲ್ಲೋ. ಕೆಟ್ಟಿರೋದು ನೀನು."

"ಹತ್ತನೇ ತಾರೀಖಿನ ಫೋಟೊ ಎಲ್ಲಿ?" ಅನುಪಮಾ ಕೇಳಿದರು.

"ಇದಕ್ಕೇ ಹಾಕಿದ್ದೆ. ಕೈತಪ್ಪಿ ಡಿಲೀಟ್ ಆದ್ವು."

ಅನುಪಮಾ ತಕ್ಷಣ ಕಂಪ್ಯೂಟರ್ ಆರಿಸಿದರು. ಜಪ್ತಿ ಪಂಚನಾಮೆ ಮಾಡಿ, ಸೀಲ್ ಹಾಕಿಸಿ ಚಿತ್ರದುರ್ಗದ ಸೈಬರ್ ವಿಭಾಗಕ್ಕೆ ಒಯ್ದರು.

"ಡಿಲೀಟ್ ಅಂದ್ರೆ ಅಳಿಸೋದಲ್ಲ ಮೇಡಂ, ಈ ಜಾಗ ಖಾಲಿ ಅಂತ ಗುರುತು ಹಾಕೋದು ಅಷ್ಟೇ," ಎಂದರು ಅಲ್ಲಿನ ಕಾವ್ಯಶ್ರೀ. "ಬೇರೆ ಫೋಟೊ ಬಂದು ಕೂರೋವರೆಗೂ ಹಳೇದು ಅಲ್ಲೇ ಇರುತ್ತೆ. ಇದರಲ್ಲಿ ಆಮೇಲೆ ಯಾವುದೂ ಬಂದು ಕೂತಿಲ್ಲ."

ಖಾಲಿ ಎಂದಿದ್ದ ಜಾಗದಿಂದ ಒಂದೊಂದೇ ಚಿತ್ರ ಎದ್ದು ಬಂತು. ಮದುವೆ ವಿಡಿಯೊಗೆಂದು ಮುಳುಗುವ ಸೂರ್ಯನ ಕಡೆ ನಿಲ್ಲಿಸಿದ್ದ ಕ್ಯಾಮೆರಾ ತಾನಾಗಿಯೇ ಕ್ಲಿಕ್ಕಿಸುತ್ತ ಹೋಗಿತ್ತು. ನೀರು. ಕೆಂಪು ಆಕಾಶ. ಏರಿಯ ಕೊನೆಯಲ್ಲೊಂದು ಚುಕ್ಕಿ. ಚುಕ್ಕಿ ದೊಡ್ಡದಾಗಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮನುಷ್ಯನಾಯಿತು. ಸತ್ತವನು ನಡೆದು ಬರುತ್ತಿದ್ದ. ಕಾಟಯ್ಯ ಟೋಪಿ ತೆಗೆದು ಎದ್ದು ನಿಂತ.

ಹೊರೆ ಹೊತ್ತವನು ಹತ್ತಿರ ಬಂದು ನಿಂತ. ಕಾರೊಂದು ಹಿಮ್ಮುಖವಾಗಿ ಚಿತ್ರದೊಳಗೆ ಬಂತು. ಮುಂದಿನ ಚಿತ್ರದಲ್ಲಿ ನಿಂತವನಿರಲಿಲ್ಲ. ಆಮೇಲೆ ಓಡಿ ಬಂದ ಪ್ರದೀಪ್, ಬೊಗಸೆಯಲ್ಲಿ ನೀರು ತಂದ ಪ್ರದೀಪ್, ಬಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಪ್ರದೀಪ್. ಬೆಳಕು ಇಳಿಯುತ್ತ ಹೋದರೂ ಅವನು ಎದ್ದಿರಲಿಲ್ಲ. ಕೊನೆಯ ಚಿತ್ರದ ತುಂಬ ಅವನ ಅಂಗೈ.

ಅಂದೇ ಅವನನ್ನು ಬಂಧಿಸಿದರು.

"ಕಾರು ತಿರುಗಿಸ್ಕಳಾಣ ಅಂತ ರಿವರ್ಸ್ ತಗಂಡೆ. ನೋಡ್ಲಿಲ್ಲ. ಅವ್ನ ಉಸಿರು ನಿಂತಿತ್ತು. ಹೆದರ್ಕಂಡೆ."

"ಅದರ ಮೇಲೆ ನಾಕು ಮದುವೆ ಫೋಟೊ ತುಂಬಿದ್ರೆ ನಮಗೇನೂ ಸಿಗ್ತಿರ್ಲಿಲ್ಲ. ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಮೇಡಂ. ಹೆಣದ ಮ್ಯಾಲೆ ಅಕ್ಷತೆ ಹಾಕ್ದಂಗೆ ಆಗ್ತಿತ್ತು. ಕೈ ಬರ್ಲಿಲ್ಲ."

ಗುರುತು ಹಿಡಿಯಲು ಏಕಾಂತಮ್ಮನನ್ನು ಕರೆಸಿದರು. ಕಾವ್ಯಶ್ರೀ ಕಾರು ಬರುವುದಕ್ಕೆ ಮುಂಚಿನ ಚಿತ್ರಗಳನ್ನಷ್ಟೇ ಸಾಲಾಗಿ ಓಡಿಸಿದರು. ಮಗ ಏರಿಯ ಮೇಲೆ ಬಂದ, ಹತ್ತಿರವಾದ, ನಿಂತ.

"ನೋಡ್ರಿ, ಎಷ್ಟು ನೆಟ್ಟಗೆ ನಡೀತಾನೆ," ಎಂದರು ಏಕಾಂತಮ್ಮ. ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದ್ಸಲ ನಡೆಸವ್ವ."