ಹದಿಮೂರನೆಯ ತಂತಿ

ಡಾ. ಗುರುನಾಥ ಇನಾಂದಾರರು ಡಬ್ಬಿಯ ಮುಚ್ಚಳ ತೆಗೆದು, ಬೂದುಬಣ್ಣದ ಪುಡಿಯನ್ನು ಕಾರಿನ ಹಿಂದಿನ ಗಾಜಿಗೆ ಒಳಗಿನಿಂದ ಊದಿದರು. ಪುಡಿ ಕೆಳಗೆ ಬೀಳಲಿಲ್ಲ. ಕೊಂಚ ಹೊತ್ತು ಗಾಜಿನ ಮೇಲೆ ತಡಕಾಡಿ, ಆಮೇಲೆ ಯಾರೋ ಕರೆದಂತೆ ಒಂದೇ ಕಡೆಗೆ ಹರಿಯಿತು. ತುಂಡಾಗಿದ್ದ ತಂತಿಯ ಎರಡು ತುದಿಗಳು ನೋಡನೋಡುತ್ತಲೇ ಕೂಡಿಕೊಂಡವು.

ದಾನೇಶ್ವರಿ ಕೈಕಟ್ಟಿ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಇಷ್ಟೇ, ಈ ಕಾರು ಉಳಿಯಬೇಕು.

ಬೆಳಗಾವಿಯಲ್ಲಿ ಕಾರುಗಳು ತಾವೇ ಓಡತೊಡಗಿ ಬಹಳ ವರ್ಷಗಳಾಗಿದ್ದವು. ಯಾರೂ ಸ್ಟೇರಿಂಗ್ ಹಿಡಿಯುತ್ತಿರಲಿಲ್ಲ, ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಆದರೂ ಹಿಂದಿನ ಗಾಜು ಸ್ವಚ್ಛವಾಗಿರಬೇಕೆಂಬ ಹಳೆಯ ನಿಯಮ ಹಾಗೆಯೇ ಇತ್ತು. ಅದನ್ನು ರದ್ದುಪಡಿಸಲು ನೇಮಿಸಿದ ಸಮಿತಿ ಮಳೆಗಾಲದಲ್ಲಿ ಸಭೆ ಕರೆದಿತ್ತು. ಗಾಜು ಮಸುಕಾಗಿದೆಯೆಂದು ಸದಸ್ಯರ ಕಾರುಗಳೇ ಹೊರಡಲಿಲ್ಲ.

ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕಳೆಯುವ ಹನ್ನೆರಡು ತಂತಿಗಳಿರುತ್ತವೆ. ವಿದ್ಯುತ್ ಹರಿದಾಗ ಬಿಸಿಯಾಗಿ ಮಂಜನ್ನು ಕರಗಿಸುತ್ತವೆ. ಒಂದು ತುಂಡಾದರೂ ಅಷ್ಟಗಲದ ಪಟ್ಟಿ ಬೆಳ್ಳಗೆ ಉಳಿಯುತ್ತದೆ. ಆಗ ಕಾರು ಬಲು ವಿನಯದಿಂದ “ಕ್ಷಮಿಸಿ, ಹಿನ್ನೋಟ ಸರಿಯಿಲ್ಲ” ಎಂದು ಹೇಳಿ ನಿಂತುಬಿಡುತ್ತದೆ. ಆ ಮಾದರಿಯ ಗಾಜು ಈಗ ಎಲ್ಲಿಯೂ ಸಿಗದು. ವಾಹನ ಅರ್ಹತಾ ಕಚೇರಿಯ ಹುಕ್ಕೇರಿ ಸಾಹೇಬರು ಕಾರನ್ನು ಗುಜರಿಗೆ ಬರೆದಾಗಿತ್ತು. ಹೊಸದು ತಗೋರಿ, ಇದರಾಗ ಏನೈತ್ರೀ ಎಂದು ಕೇಳಿದ್ದರು. ಅದು ಅವಳ ಗಂಡ ಪ್ರಭುಲಿಂಗ ಆರಿಸಿ ತಂದ ಕಾರು. ಹೋದ ವರ್ಷ ಅವನು ಜ್ವರದಲ್ಲಿ ತೀರಿಕೊಂಡಿದ್ದ. ಇದನ್ನು ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ ದಾನೇಶ್ವರಿ ವಿಜ್ಞಾನಿ ಇನಾಂದಾರರ ಬಳಿಗೆ ಹೋಗಿದ್ದಳು.

“ಇವಕ್ಕ ಬೆಸುಗೆಕಣ ಅಂತೀವಿ,” ಎಂದರು ಇನಾಂದಾರರು. “ಒಂದೊಂದರ ಹೊಟ್ಟ್ಯಾಗೂ ಚೂರು ಬೆಳ್ಳಿ ಅದ. ಕರೆಂಟು ಎಲ್ಲಿ ಹರೀಲಿಕ್ಕೆ ಹೋಗಿ ನಿಂತಿರ್ತದೋ, ಅಲ್ಲಿ ಇವು ತಾವೇ ಸೇತುವೆ ಆಗ್ತಾವ.”

“ತಪ್ಪು ಜಾಗಕ್ಕ ಹೋದರ?”

“ಹೋಗಂಗಿಲ್ಲವಾ. ಅವೇನು ಮನಷ್ಯಾರs?”

ಕಾರು ಪಾಸಾಯಿತು. ಇನಾಂದಾರರಿಗೆ ಶಾಲು ಹೊದಿಸಿದರು. ಊರಿನ ಕಾರುಗಳಿಗೆಲ್ಲ ಬೆಸುಗೆಕಣ ಊದಿಸಬೇಕೆಂಬ ಆದೇಶ ಹೊರಟಿತು. ಕೆಲಸ ಮುಗಿದ ಮೇಲೆ ಮಿಕ್ಕ ಕಣಗಳು ಗಾಜಿನ ಅಂಚಿನಲ್ಲಿ ಮಲಗುತ್ತವೆ ಎಂದು ವರದಿಯಲ್ಲಿತ್ತು. ಎದ್ದರೆ ಏನು ಮಾಡುತ್ತವೆ ಎಂದು ಯಾರೂ ಕೇಳಲಿಲ್ಲ.

ಮಳೆ ಹಿಡಿಯಿತು, ಅವು ಎದ್ದವು.

ಮಂಜು ಕವಿದ ಗಾಜಿನ ಮೇಲೆ ಬೆರಳಾಡಿಸದ ಮನುಷ್ಯನಿಲ್ಲ. ಬಟ್ಟೆಯಿಂದ ಒರೆಸಿದರೆ ನೀರು ಹೋಗುತ್ತದೆ, ಬೆರಳಿನ ಬೆವರಿನ ಉಪ್ಪು ಕಣ್ಣಿಗೆ ಕಾಣದ ಗೆರೆಯಾಗಿ ಉಳಿಯುತ್ತದೆ. ತೇವ ತಗುಲಿದಾಗ ಆ ಗೆರೆಯಲ್ಲಿ ಎಳೆಯಷ್ಟು ವಿದ್ಯುತ್ ಹರಿಯಲು ಹವಣಿಸುತ್ತದೆ. ತುಂಡಾದ ತಂತಿಯೆಂದು ತಿಳಿದು ಕಣಗಳು ಅಷ್ಟಕ್ಕೂ ಬೆಳ್ಳಿ ಹಾಸಿದವು. ಊರು ವರ್ಷಗಳಿಂದ ಗೀಚಿದ್ದೆಲ್ಲ ಎದ್ದು ಕಂಡಿತು. ನಿಶ್ಚಿತಾರ್ಥವಾದವರ ಕಾರಿನಲ್ಲಿ ಬೇರೆ ಹೆಸರುಗಳಿದ್ದವು. ಮಂತ್ರಿಗಳ ಕಾರಿನಲ್ಲಿ ‘ಕಳ್ಳ’ ಎಂದಿತ್ತು. ಹೊರಗಿನಿಂದ ಅದು ತಿರುವುಮುರುವಾಗಿ ಕಾಣುತ್ತಿದ್ದರೂ ಓದಲು ಯಾರಿಗೂ ಕಷ್ಟವಾಗಲಿಲ್ಲ. ತನಿಖೆ ಆರಂಭವಾಗಿ, ಬರೆದವರು ಒಳಗೆ ಕೂತವರೇ ಎಂದು ಖಚಿತವಾದ ದಿನವೇ ನಿಂತುಹೋಯಿತು. ವಿನ್ಯಾಸದಲ್ಲಿಲ್ಲದ ಗೆರೆಗಳನ್ನೆಲ್ಲ ಅಳಿಸುಕಣದಿಂದ ಕರಗಿಸಬೇಕು, ಒಪ್ಪದವರ ಕಾರು ಗುಜರಿಗೆ ಎಂದು ಹೊಸ ಆದೇಶ ಬಂತು.

ದಾನೇಶ್ವರಿಯ ಗಾಜಿನಲ್ಲಿ ಎದ್ದದ್ದು ಒಂದು ಮೀಸೆ.

ಮಳೆಗಾಲದಲ್ಲಿ ಪ್ರಭುಲಿಂಗ ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಗಾಜಿನ ಮಂಜಿನಲ್ಲಿ ತುದಿ ಹುರಿ ಮಾಡಿದ ಮೀಸೆ ಬರೆಯುತ್ತಿದ್ದ. ಹಿಂದಿನ ಕಾರಿನಲ್ಲಿ ಬಂದವರ ಮಬ್ಬು ಮುಖಕ್ಕೆ ಅದು ಸರಿಯಾಗಿ ಕೂರುವವರೆಗೆ ಕಾಯುತ್ತಿದ್ದ. “ಕನ್ನಡ್ಯಾಗ ನೋಡs, ನಿಮ್ಮ ಸಾಲಿ ಹೆಡ್‌ಮಿಸ್ಸು,” ಎಂದು ಮುಂದಿನ ಸೀಟಿನಲ್ಲಿದ್ದ ದಾನೇಶ್ವರಿಗೆ ಹೇಳುತ್ತಿದ್ದ. ಗಾಜು ಹೊಲಸಾಯಿತೆಂದು ಅವಳು ಬೈದು ಪ್ರತಿಸಲವೂ ಒರೆಸುತ್ತಿದ್ದಳು. ಅವನು ಮರುದಿನ ಅದೇ ಜಾಗದಲ್ಲಿ ಮತ್ತೆ ಬರೆಯುತ್ತಿದ್ದ.

ಇನಾಂದಾರರು ಅಳಿಸುಕಣದ ಡಬ್ಬಿ ಹಿಡಿದು ಬಂದಾಗ ದಾನೇಶ್ವರಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅಳಲೂ ಇಲ್ಲ. ಊದುವ ಮೊದಲು ಒಂದು ಸುತ್ತು ಹೋಗಿ ಬರೋಣ ಎಂದಳು. ಇನಾಂದಾರರು ಅವಳ ಪಕ್ಕದಲ್ಲಿ ಕೂತರು. ಪಂಚನಾಮೆಗೆಂದು ಹುಕ್ಕೇರಿ ಸಾಹೇಬರು ಕಚೇರಿಯ ಕಾರಿನಲ್ಲಿ ಹಿಂಬಾಲಿಸಿದರು.

ಕ್ಯಾಂಪಿನ ರಸ್ತೆಯಲ್ಲಿ ಮಂಜು ದಟ್ಟವಾಗಿತ್ತು. ತಂತಿಗಳು ಬಿಸಿಯಾಗಿ ಗಾಜು ತಿಳಿಯಾಯಿತು, ಬೆಳ್ಳಿ ಗೆರೆಯ ಮೀಸೆ ಮಾತ್ರ ಉಳಿಯಿತು. ಹಿಂದಿನ ಕಾರು ಹತ್ತಿರ ಬಂತು. ನುಣ್ಣಗೆ ಕ್ಷೌರ ಮಾಡಿದ, ಎಂದೂ ನಗದ ಹುಕ್ಕೇರಿ ಸಾಹೇಬರ ಮೂಗಿನ ಕೆಳಗೆ ಅದು ಬಂದು ಕೂತಿತು. ಸಾಹೇಬರು ಗಂಭೀರವಾಗಿ ಏನೋ ಬರೆದುಕೊಳ್ಳುತ್ತಿದ್ದರು.

ಕನ್ನಡಿ ನೋಡುತ್ತಿದ್ದ ಇನಾಂದಾರರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಕನ್ನಡಿ ನೋಡಿದರು. ಆಮೇಲೆ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು.

“ಹದಿಮೂರನೇ ತಂತಿ,” ಎಂದರು. “ಹೆಚ್ಚಿನ ಸುರಕ್ಷತೆಗೆ ಅಂತ ಬರೀತೀನಿ. ಸಾಹೇಬರು ಓದಂಗಿಲ್ಲ, ಸಹಿ ಮಾಡ್ತಾರ.”

ದಾನೇಶ್ವರಿ ನಗಲಿಲ್ಲ. ಮನೆಯ ತಿರುವು ಬಂದಾಗ ಮಾತ್ರ, ಎಡಕ್ಕೆ ಹೊರಳುತ್ತಿದ್ದ ಕಾರಿಗೆ, “ನೆಟ್ಟಗ ಹೋಗು, ಇನ್ನೊಂದು ಸುತ್ತು,” ಎಂದಳು.